ಮಾವನವರೇ ಕ್ಲೀನರಾದಾಗ

ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಡ್ರೈವರನ ಕಣ್ಣು ಇರುವುದು ಕ್ಲೀನರನ ಬಾಯಲ್ಲಿ. ಅವನು "ಬರ್ಲಿ, ಬರ್ಲಿ" ಎಂದು ಕೂಗಿದರೆ ಬಿಡಬೇಕು. ಗಾಡಿಯ ಪಕ್ಕಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟರೆ ನಿಲ್ಲಬೇಕು, ಎರಡು ಕೊಟ್ಟರೆ ಹೊರಡಬೇಕು. ಇದು ನಮ್ಮ ದಂಧೆಯ ಮೊದಲ ಪಾಠ. ಸಿಟ್ಟು ಬಂದರೆ ಡ್ರೈವರು ಕ್ಲೀನರನಿಗೆ ಬೈಯುತ್ತಾನೆ, ಗಾಬರಿಯಾದರೆ ಕ್ಲೀನರು ಡ್ರೈವರನಿಗೆ ಬೈಯುತ್ತಾನೆ, ಆಮೇಲೆ ಇಬ್ಬರೂ ಎದುರುಬದುರು ಕೂತು ಬಶಿಗೆ ಚಹಾ ಸುರಿದುಕೊಂಡು ಕುಡಿಯುತ್ತಾರೆ. ಇಡೀ ಇಚಲಕರಂಜಿಯಲ್ಲಿ ಈ ಪದ್ಧತಿ ನಡೆಯದಿದ್ದ ಲಾರಿ ಒಂದೇ ಒಂದು, ಅದು ನಾನು ಓಡಿಸುತ್ತಿದ್ದದ್ದು. ಯಾಕೆಂದರೆ ನನ್ನ ಕ್ಲೀನರು ನನ್ನ ಹೆಂಡತಿಯ ತಂದೆ.

ಮಾವನವರು ನೇಸರಿ ಕಡೆಯ ಕುರಿಗಾರರು. ಅತ್ತೆ ತೀರಿಕೊಂಡ ಮೇಲೆ ಕುರಿಹಿಂಡನ್ನು ಅಣ್ಣನ ಮಕ್ಕಳಿಗೆ ಒಪ್ಪಿಸಿ, ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು, ಒಬ್ಬಳೇ ಮಗಳನ್ನು ನೋಡಿ ಹೋಗುತ್ತೇನೆಂದು ಎಸ್.ಟಿ. ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಬಂದ ನಾಲ್ಕನೇ ದಿನವೇ ಹೊರಟು ನಿಂತರು. ಮಗಳ ಮನೆಯಲ್ಲಿ ಕೂತು ಉಣ್ಣುವುದು ಅವರಿಗೆ ಸಾಧ್ಯವೇ ಇರಲಿಲ್ಲ. ನನ್ನ ಹೆಂಡತಿ ಅತ್ತಳು, ರಂಪ ಮಾಡಿದಳು, ಒಂದು ದಿನ ಒಲೆಯನ್ನೇ ಹಚ್ಚಲಿಲ್ಲ. ಕೊನೆಗೆ ಅವರೇ ಒಂದು ದಾರಿ ಹೇಳಿದರು: "ದುಡದು ಉಣ್ಣೂದಾದ್ರ ಇರ್ತೇನಿ. ಇಲ್ಲಂದ್ರ ನೇಸರಿಗೆ ಹೋಗ್ತೇನಿ." ಆಗ ನನ್ನ ಲಾರಿಯಲ್ಲಿ ಕ್ಲೀನರ ಜಾಗ ಖಾಲಿ ಇತ್ತು. ನಾನು ಹಿಂದೆಮುಂದೆ ನೋಡದೆ ಹೂಂ ಎಂದುಬಿಟ್ಟೆ.

ಆಗ ನನಗೆ ಹೊಳೆಯದೇ ಹೋದ ಸಂಗತಿ ಎಂದರೆ, ನಮ್ಮ ಕಡೆ ಅಳಿಯ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಅಳಿಯನ ಎದುರು ಮಾವ ದನಿ ಎತ್ತುವುದಿಲ್ಲ, ಅಳಿಯನ ತಪ್ಪನ್ನು ನಾಲ್ಕು ಮಂದಿಯ ಮುಂದೆ ಆಡಿ ತೋರಿಸುವುದಿಲ್ಲ. ಮಾವನವರು ಈ ನಿಯಮವನ್ನು ಲಾರಿಗೂ ತಂದರು. ಗಾಡಿಗೆ ಏಟು ಕೊಡುವುದಂತೂ ದೂರ ಉಳಿಯಿತು. "ಗಾಡಿ ಅಂದ್ರ ಲಕ್ಷ್ಮಿ. ಅದ್ರಾಗ ಅಳಿಯಂದ್ರು ಕುಂತೀರಿ. ಹೆಂಗ್ ಹೊಡೀಲಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಹಿಂದೆ ಏನಾದರೂ ಅಡ್ಡ ಬಂದರೆ ಅವರು ಅಲ್ಲಿಂದಲೇ ಕೂಗದೆ, ನಡೆದುಕೊಂಡು ನನ್ನ ಬಾಗಿಲಿನವರೆಗೆ ಬಂದು, ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, "ಅಳಿಯಂದ್ರ, ತಪ್ಪು ತಿಳ್ಕೋಬ್ಯಾಡ್ರಿ, ಹಿಂದ ಒಂದು ಗ್ವಾಡಿ ಐತಿ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಗೋಡೆ ಇರುತ್ತಿರಲಿಲ್ಲ.

ಹೀಗೆ ಒಂದು ಚಹಾ ಅಂಗಡಿಯ ತಗಡಿನ ಮಾಡು, ಮಗ್ಗದ ಕಾರ್ಖಾನೆಯೊಂದರ ನೀರಿನ ತೊಟ್ಟಿ, ಇನ್ನೊಬ್ಬರ ಹಿತ್ತಲ ಬಾಗಿಲು ನಮ್ಮ ಲಾರಿಗೆ ಬಲಿಯಾದವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಟ್ಟಿದ ಗುಣ. ಬೇರೆ ಯಾರೇ ಆಗಿದ್ದರೂ ಅಂದೇ ಗಾಡಿಯಿಂದ ಇಳಿಸುತ್ತಿದ್ದೆ. ಆದರೆ ಮಾವನಿಗೆ ಬೈಯಲು ನನಗೂ ಬಾಯಿ ಏಳುತ್ತಿರಲಿಲ್ಲ. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ, "ಇರ್ಲಿ ಬಿಡ್ರಿ ಮಾವಾರ" ಎನ್ನುತ್ತಿದ್ದೆ.

ನಮ್ಮ ಲಾರಿಯ ಮಾಲಕರು ಕೊಲ್ಹಾಪುರದವರು, ಮಾತು ಮರಾಠಿ. ಅವರಿಗೆ ಈ ಸುದ್ದಿಗಳೆಲ್ಲ ಒಂದೊಂದಾಗಿ ಮುಟ್ಟುತ್ತಿದ್ದವು. ಅರವತ್ತರ ದಶಕದ ನಡುವಿನಲ್ಲಿ ಒಂದು ದಿನ ಇಬ್ಬರನ್ನೂ ಕರೆಸಿದರು. ಹೊರದೇಶದಿಂದ ಒಂದು ಚೈನಿನ ಟ್ರ್ಯಾಕ್ಟರ್ ಹಡಗಿನಲ್ಲಿ ಮುಂಬಯಿಗೆ ಬಂದಿದೆ, ಅದನ್ನು ಗಡಹಿಂಗ್ಲಜ ತಾಲ್ಲೂಕಿನ ನೂಲಕ್ಕೆ ಮುಟ್ಟಿಸಬೇಕು, ಕೊಂಡವರು ಅಲ್ಲಿಯ ದೊಡ್ಡ ರೈತರು ಎಂದರು. ಆಮೇಲೆ ಮಾವನವರ ಕಡೆ ಬೆರಳು ತೋರಿಸಿ ನನಗೆ ಹೇಳಿದರು: "ಏಕ ಜರೀ ಓರಖಡಾ ಆಲಾ, ತರ ಮ್ಹಾತಾರಾ ಖಾಲೀ." ಒಂದು ಗೀಚು ಬಿದ್ದರೂ ಮುದುಕ ಗಾಡಿಯಿಂದ ಇಳಿದಂತೆಯೇ ಲೆಕ್ಕ.

ನೇಸರಿಯವರಾದ ಮಾವನವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಕೇಳಿಸಿಕೊಂಡು ತಲೆ ತಗ್ಗಿಸಿದರು. ಮನೆಗೆ ಬಂದು ನಾನು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಪ್ಪ ನೇಸರಿಗೆ ಹ್ವಾದ್ರ ನಾನೂ ಹಿಂದ ಹೋಗ್ತೇನಿ. ನೀವು ನಿಮ್ಮ ಲಾರಿ ಕೂಡ ಸಂಸಾರ ಮಾಡ್ರಿ" ಎಂದಳು. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ದಾರಿಗೆ ಎಂದು ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ತನ್ನ ಹಳೆಯ ಕೆಂಪು ಸೀರೆಯೊಂದನ್ನು ಹರಿದು ಎರಡು ತುಂಡು ಮಾಡಿ, ಎದುರು ಬರುವವರಿಗೆ ದೂರದಿಂದಲೇ ಕಾಣುವ ಹಾಗೆ ಯಂತ್ರದ ಎರಡೂ ತುದಿಗೆ ಕಟ್ಟಿರಿ ಎಂದಳು.

ಮುಂಬಯಿಯ ಬಂದರಿನಲ್ಲಿ ಆ ಯಂತ್ರವನ್ನು ನೋಡಿದಾಗ ನಾನು ಅದರ ಸುತ್ತ ಎರಡು ಸಲ ತಿರುಗಿದೆ. ಚಕ್ರಗಳೇ ಇಲ್ಲ, ಅದರ ಬದಲು ಕಬ್ಬಿಣದ ಪಟ್ಟಿಗಳ ಸರಪಳಿ. ಮುಂದೆ ಮಣ್ಣು ತಳ್ಳುವ ಉಕ್ಕಿನ ಬ್ಲೇಡು. ಕ್ರೇನಿನಿಂದ ಎತ್ತಿ ನಮ್ಮ ಲಾರಿಯ ಮೇಲೆ ಇಟ್ಟಾಗ ಸ್ಪ್ರಿಂಗುಗಳು ಕುಂಯ್ ಎಂದವು. ಪಕ್ಕದ ಹಲಗೆಗಳನ್ನು ಬಿಚ್ಚಿದರೂ ಬ್ಲೇಡು ಎರಡೂ ಕಡೆ ಒಂದೊಂದು ಮೊಳ ಹೊರಗೆ ಚಾಚಿಕೊಂಡಿತ್ತು. ಅದು ಕ್ಯಾಬಿನ್ನಿಗೆ ಒತ್ತಿ ಕೂತಿದ್ದರಿಂದ ಕನ್ನಡಿಯಲ್ಲಿ ಹಳದಿ ಬಣ್ಣ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಂದರೆ ಈ ಸಲ ನಾನು ಪೂರ್ತಿ ಕುರುಡ, ಮಾವನವರೇ ಗತಿ.

"ಮಾವಾರ, ನಿಮಗ ಕೈ ಮುಗೀತೇನಿ. ಈ ಸಲ ಒಂದೀಟ ಜೋರಾಗಿ ಒದರ್ರಿ" ಎಂದೆ.

"ಆತ್ರಿ ಅಳಿಯಂದ್ರ" ಎಂದರು ಅವರು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ಕತ್ತಲಲ್ಲಿ ಗಾಡಿ ಓಡಿಸಬಾರದೆಂದು ಮಾಲಕರ ಕಟ್ಟಪ್ಪಣೆ ಇತ್ತು. ಹೊತ್ತು ಮುಳುಗುವ ಮುಂಚೆ ಎಲ್ಲಿಯಾದರೂ ನಿಲ್ಲಿಸಿ, ಹೊತ್ತು ಹುಟ್ಟಿದ ಮೇಲೆ ಹೊರಡುತ್ತಿದ್ದೆವು. ಖಂಡಾಳಾ ಘಾಟಿನಲ್ಲಿ ಎದುರು ಬಂದ ಲಾರಿಯವರೆಲ್ಲ ನಮ್ಮನ್ನು ನೋಡಿ ತಾವಾಗಿ ಪಕ್ಕಕ್ಕೆ ಸರಿದರು. ಅಷ್ಟು ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಪುಣೆ ದಾಟಿ ಸಾತಾರಾ ಕಡೆ ಬರುವಷ್ಟರಲ್ಲಿ ಇನ್ನೊಂದು ಮೋಜು ಶುರುವಾಯಿತು. ಆಗ ಎಲ್ಲರ ಬಾಯಲ್ಲೂ ಲಡಾಯಿಯ ಸುದ್ದಿ. ಜನ ನಮ್ಮ ಯಂತ್ರದ ಸರಪಳಿ ನೋಡಿ ಇದು ಫೌಜಿನ ಟ್ಯಾಂಕೇ ಎಂದುಕೊಂಡರು. ಕರಾಡದ ಹತ್ತಿರ ಒಬ್ಬ ಹೋಟೆಲಿನವನು ನಮ್ಮನ್ನು ತಡೆದು ನಿಲ್ಲಿಸಿ, ಭಜಿ, ಚಹಾ ಕೊಟ್ಟು, ಮಾವನವರ ಕೊರಳಿಗೆ ಚೆಂಡುಹೂವಿನ ಹಾರವನ್ನೂ ಹಾಕಿದ. ಮಾವನವರು ಕೈಮುಗಿದು ಮರಾಠಿಯಲ್ಲಿ, ಇದು ಹೊಲ ಹಸನು ಮಾಡುವ ಯಂತ್ರ, ನಾವು ಫೌಜಿನವರಲ್ಲ ಎಂದು ನಿಜ ಹೇಳತೊಡಗಿದರು. ನಾನು ಅವರ ಕಾಲು ತುಳಿದೆ. ಭಜಿ ಇನ್ನೂ ಅರ್ಧ ತಟ್ಟೆ ಉಳಿದಿತ್ತು.

ಮರುದಿನ ಕಾಗಲ ದಾಟಿದ ಮೇಲೆ ರಸ್ತೆ ತುಂಬ ಕುರಿ. ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಕಾಯುವವನು ಎಲ್ಲಿಯೋ ಮರದ ನೆರಳಿನಲ್ಲಿದ್ದ. ನಾನು ಹಾರ್ನ್ ಒತ್ತಿ ಒತ್ತಿ ಬೇಸತ್ತೆ, ಒಂದು ಕುರಿಯೂ ಕಿವಿ ಅಲ್ಲಾಡಿಸಲಿಲ್ಲ. ಮಾವನವರು ಕೆಳಗಿಳಿದರು. ಬಾಯಿಯ ಪಕ್ಕ ಒಂದು ಕೈ ಇಟ್ಟು "ಹುರ್ರ್ರಾ... ಹೈ" ಎಂದು ಒಂದು ಕೂಗು ಹಾಕಿದರು ನೋಡಿ, ನನ್ನ ಸೀಟು ಅದುರಿತು. ಆಚೆಯ ಗುಡ್ಡದಿಂದ ಅದೇ ಕೂಗು ತಿರುಗಿ ಬಂತು. ಇಡೀ ಹಿಂಡು ಒಮ್ಮೆಲೇ ಎಡಕ್ಕೆ ಹೊರಳಿ ಹೊಲಕ್ಕೆ ಇಳಿಯಿತು. ಗೊತ್ತಿಲ್ಲದ ಹಿಂಡು, ಆದರೂ ಅವರ ಮಾತು ಕೇಳಿತು.

ಅವರು ಮೇಲೆ ಹತ್ತಿ ಕೂತಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಇಷ್ಟು ದನಿ ಇಟ್ಕೊಂಡು ನನ್ನ ಮುಂದ ಪಿಸುಪಿಸು ಅಂತೀರಲ್ಲ ಮಾವಾರ! ಆ ನೀರಿನ ತೊಟ್ಟಿ ಮುಂದ ಈ ದನಿ ಎಲ್ಲಿ ಹೋಗಿತ್ತು?"

"ಅವು ಕುರಿ ಅದಾವ್ರಿ" ಎಂದರು ಅವರು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ. "ನೀವು ಅಳಿಯಂದ್ರು."

ನಾನು ಗೇರು ಹಾಕಿದೆ.

ನಿಪ್ಪಾಣಿ, ಸಂಕೇಶ್ವರ ದಾಟಿ ಮಧ್ಯಾಹ್ನದ ಹೊತ್ತಿಗೆ ನೂಲ ಮುಟ್ಟಿದೆವು. ಅಲ್ಲಿಯವರೆಗೆ ಯಂತ್ರಕ್ಕೆ ಒಂದು ಎಲೆಯೂ ತಾಗಿರಲಿಲ್ಲ. ಊರಿಗೆ ಊರೇ ಬಂದು ಹೊಲದಲ್ಲಿ ನಿಂತಿತ್ತು. ಯಂತ್ರ ಕೊಂಡ ರೈತರು ತಲೆಗೆ ಹೊಸ ಪಟಕಾ ಸುತ್ತಿಕೊಂಡು, ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರು. ಹೆಂಗಸರು ಆರತಿಯ ತಟ್ಟೆ ತಂದಿದ್ದರು.

ಈಗ ಯಂತ್ರವನ್ನು ಇಳಿಸುವ ಕೆಲಸ. ಊರಲ್ಲಿ ಕ್ರೇನು ಎಲ್ಲಿಂದ ಬರಬೇಕು? ಲಾರಿಯಷ್ಟೇ ಎತ್ತರದ ಮಣ್ಣಿನ ದಿಬ್ಬ ಬೇಕು. ಲಾರಿಯನ್ನು ಹಿಂದಕ್ಕೆ ತೆಗೆದು ಅದಕ್ಕೆ ತಾಗಿಸಿದರೆ ಟ್ರ್ಯಾಕ್ಟರನ್ನು ಚಾಲೂ ಮಾಡಿ ಸೀದಾ ದಿಬ್ಬದ ಮೇಲೆ ಇಳಿಸಬಹುದು. ರೈತರು ತೋರಿಸಿದ ದಿಬ್ಬ ತಕ್ಕ ಎತ್ತರದ್ದೇ ಇತ್ತು. ಆದರೆ ಅದು ಬಾವಿ ತೋಡಿದಾಗ ತೆಗೆದು ಹಾಕಿದ ಮಣ್ಣು. ಎಂದರೆ ದಿಬ್ಬದ ಮಗ್ಗುಲಲ್ಲೇ ಬಾವಿ, ಅದಕ್ಕೆ ಕಟ್ಟೆ ಇಲ್ಲ, ಅಂಚಿನ ತುಂಬ ಹುಲ್ಲು ಬೆಳೆದಿತ್ತು.

ನಾನು ಇಳಿದು ನೋಡಿದೆ. ಜಾಗ ಸಾಕು ಅನಿಸಿತು. ಅವಸರದ ಮನುಷ್ಯ ನಾನು, ಹೆಜ್ಜೆ ಹಾಕಿ ಅಳೆಯಬೇಕಿತ್ತು, ಅಳೆಯಲಿಲ್ಲ. ಮಾವನವರನ್ನು ಹಿಂದೆ ನಿಲ್ಲಿಸಿ, ಜನರನ್ನು ದೂರ ಸರಿಸಿ, ಮೇಲೆ ಹತ್ತಿ ಗಾಡಿಯನ್ನು ಹಿಂದಕ್ಕೆ ಬಿಡತೊಡಗಿದೆ. ಕನ್ನಡಿಯಲ್ಲಿ ಅದೇ ಹಳದಿ ಬಣ್ಣ. "ಬರ್ರಿ, ಬರ್ರಿ" ಎನ್ನುವ ಮಾವನವರ ಸಣ್ಣ ದನಿ ಇಂಜಿನಿನ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಆಮೇಲೆ ಅದೂ ನಿಂತಿತು. ಎಲ್ಲ ಸರಿ ಇರಬೇಕು ಎಂದುಕೊಂಡು ಇನ್ನಷ್ಟು ಬಿಟ್ಟೆ.

ಹಿಂದೆ ಏನಾಗುತ್ತಿತ್ತು ಎಂಬುದನ್ನು ನನಗೆ ಆಮೇಲೆ ಊರವರು ಹೇಳಿದರು. ಎಡಗಡೆಯ ಹಿಂದಿನ ಗಾಲಿ ಹುಲ್ಲಿನ ಅಂಚಿಗೆ ಬಂದದ್ದನ್ನು ಮಾವನವರು ಕಂಡರಂತೆ. ರೂಢಿಯಂತೆ ಟವೆಲ್ ತೆಗೆದು ಕೈಯಲ್ಲಿ ಹಿಡಿದು, ನನ್ನ ಬಾಗಿಲ ಕಡೆ ಎರಡು ಹೆಜ್ಜೆ ನಡೆದರಂತೆ. ಅಷ್ಟರಲ್ಲಿ ಒಂದು ಹೆಂಟೆ ಮಣ್ಣು ಕಳಚಿ ಬಾವಿಗೆ ಬಿದ್ದು ನೀರು ಸದ್ದು ಮಾಡಿತು. ಅವರು ಟವೆಲನ್ನು ಅಲ್ಲೇ ಎಸೆದರು.

ನನಗೆ ಕೇಳಿಸಿದ್ದು ಇಷ್ಟು: ಲಾರಿಯ ಪಕ್ಕಕ್ಕೆ ಧಡ್ ಎಂದು ಒಂದು ಏಟು, ಅದರ ಬೆನ್ನಿಗೇ ಕುರಿಹಿಂಡನ್ನು ಹೊರಳಿಸಿದ ಆ ದನಿ.

"ಏ ನಿಲ್ಸಲೇ, ಹುಚ್ಚ ಟಗರ! ಬಾವ್ಯಾಗ ಬೀಳ್ತೀಯೇನಲೇ? ಬ್ರೇಕ್ ಒತ್ತಲೇ!"

ನಾನು ವಿಚಾರ ಮಾಡಲೇ ಇಲ್ಲ. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗಿತ್ತು. ಗಾಡಿ ನಿಂತಿತು. ಇಳಿದು ನೋಡಿದರೆ ಹಿಂದಿನ ಜೋಡಿ ಗಾಲಿಗಳಲ್ಲಿ ಹೊರಗಿನದು ಪೂರ್ತಿ ಬಾವಿಯ ಮೇಲೆ ಗಾಳಿಯಲ್ಲಿತ್ತು. ಇನ್ನೊಂದು ಗೇಣು ಹೋಗಿದ್ದರೆ ಲಾರಿ, ಯಂತ್ರ, ನಾನು, ಮೂವರೂ ನೀರಿನಲ್ಲಿ ಇರುತ್ತಿದ್ದೆವು. ಜನರ ನಡುವಿನಿಂದ ಯಾರೋ ಒಬ್ಬರು ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವ ಅಳಿಯನಿಗೆ ಹುಚ್ಚ ಟಗರು ಎಂದು ಬೈದದ್ದನ್ನು ಅವರು ಹಿಂದೆಂದೂ ಕೇಳಿರಲಿಲ್ಲ.

ಮೆಲ್ಲಗೆ ಮುಂದಕ್ಕೆ ತೆಗೆದು, ಈ ಸಲ ಹೆಜ್ಜೆ ಹಾಕಿ ಅಳೆದು, ಊರವರ ಕೂಗಿನ ಮೇಲೆ ಲಾರಿಯನ್ನು ದಿಬ್ಬಕ್ಕೆ ತಾಗಿಸಿದೆ. ಟ್ರ್ಯಾಕ್ಟರು ಗುಡುಗುಡು ಎನ್ನುತ್ತ ಇಳಿಯಿತು. ಕಾಯಿ ಒಡೆದರು, ಆರತಿ ಎತ್ತಿದರು. ಯಂತ್ರದ ಮೇಲೆ ಒಂದು ಗೀಚೂ ಇರಲಿಲ್ಲ. ಖುಷಿಯಿಂದ ಮಾವನವರನ್ನು ಹುಡುಕಿದರೆ ಅವರಿಲ್ಲ. ಯಂತ್ರ ಕೊಂಡ ರೈತರು ಸಂಕೋಚದಿಂದ ಹೇಳಿದರು: "ನಿಮ್ಮ ಮಾವಾರು ಹ್ವಾದ್ರಲ್ರಿ. ಗಡಹಿಂಗ್ಲಜಕ ನಡಕೋತ ಹೋಗಿ ನೇಸರಿ ಬಸ್ ಹಿಡೀತೇನಿ ಅಂದ್ರು. ಮಂದಿ ಮುಂದ ಅಳಿಯಗ ಲೇ ಅಂದೇನಿ, ಮಗಳಿಗೆ ಯಾವ ಮಾರಿ ತೋರಿಸ್ಲಿ ಅಂತ ಭಾಳ ನೊಂದ್ಕೊಂಡ್ರು."

ಊಟಕ್ಕೆ ಕರೆದರೂ ನಿಲ್ಲದೆ ಖಾಲಿ ಲಾರಿ ಓಡಿಸಿದೆ. ಎರಡು ಮೈಲು ಹೋಗುವಷ್ಟರಲ್ಲಿ ಕಂಡರು. ಟವೆಲ್, ಕಂಬಳಿ ಎರಡನ್ನೂ ಹೆಗಲಿಗೆ ಹಾಕಿ, ಬಿಸಿಲಲ್ಲಿ, ರಸ್ತೆಯ ಅಂಚಿನಲ್ಲಿ ಬಿರಬಿರನೆ ನಡೆಯುತ್ತಿದ್ದರು. ಅವರ ಪಕ್ಕಕ್ಕೆ ಗಾಡಿ ತಂದು, ಹತ್ತಿರಿ ಎಂದೆ. ತಿರುಗಿ ನೋಡಲಿಲ್ಲ. ಮೊದಲ ಗೇರಿನಲ್ಲಿ ಅವರ ಜೊತೆಗೇ ಗಾಡಿ ನಡೆಸಿದೆ. ಹಿಂದೆ ಎರಡು ಚಕ್ಕಡಿ, ಒಂದು ಎಸ್.ಟಿ. ಬಸ್ಸು ನಿಂತು ಗಲಾಟೆ ಮಾಡತೊಡಗಿದವು.

"ಮಾವಾರ, ನೀವು ಒದರಿದ್ದಕ್ಕ ನಾ ಜೀವಂತ ಅದೇನಿ. ಹತ್ರಿ."

"ಬ್ಯಾಡ್ರಿ. ನನ್ನ ನಾಲಿಗಿ ಕೆಟ್ಟೈತಿ. ಹತ್ತು ಮಂದಿ ಮುಂದ ನಿಮ್ಮ ಮಾನ ಕಳದೇನಿ."

ನಾನು ಬ್ರೇಕು ಒತ್ತಿ ಇಳಿದು ಅವರ ಎದುರಿಗೆ ನಿಂತೆ. ಆಗ ಏನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ. "ನಮ್ಮಪ್ಪ ಮಗ್ಗದ ಮ್ಯಾಲೆ ದುಡದು ದುಡದು ಹೋದಾಗ ನನಗ ಒಂಬತ್ತು ವರ್ಷ. ಆವತ್ತಿನಿಂದ ಇವತ್ತಿನ ತನಕ ನನಗ ಹಿಂಗ ಯಾರೂ ಬೈದಿಲ್ಲ. ಮಾಲಕರು ಬೈತಾರ, ಪೊಲೀಸರು ಬೈತಾರ, ಅದು ಬ್ಯಾರೆ. ಬಿದ್ದು ಸಾಯ್ತಾನ ಅಂತ ಎದಿ ಒಡಕೊಂಡು ಬೈಯಾವ್ರು ಒಬ್ಬರೂ ಇರಲಿಲ್ಲ. ಈಗ ಸಿಕ್ಕೀರಿ. ಬಸ್ ಹತ್ತಿ ಹೋಗ್ತೀರಿ?"

ಎಸ್.ಟಿ. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ನಮ್ಮಿಬ್ಬರ ಮನೆತನಗಳ ಬಗ್ಗೆ ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದ. ಕೊನೆಗೆ ಮಾವನವರು ಲಾರಿಯ ಆ ಕಡೆಗೆ ಹೋಗಿ ಹತ್ತಿ ಕೂತರು. ಸಂಕೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, "ಮಗಳಿಗೆ ಹೇಳಬ್ಯಾಡ್ರಿ" ಎಂದರು. ಹೇಳುವುದಿಲ್ಲ ಎಂದೆ. ಆ ಮಾತನ್ನು ಒಂದು ದಿನ ಉಳಿಸಿಕೊಂಡೆ.

ಸಂಜೆ ಬಿಸಿಲಿರುವಾಗಲೇ ಕೊಲ್ಹಾಪುರದಲ್ಲಿ ಮಾಲಕರ ಗೋದಾಮಿನ ಮುಂದೆ ಇಳಿದೆವು. ಯಂತ್ರ ಸುಸೂತ್ರ ಮುಟ್ಟಿದೆ, ಒಂದು ಗೀಚೂ ಇಲ್ಲ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಬಾವಿಯ ವಿಷಯ ಅವರಿಗೆ ಯಾರು ಹೇಳುತ್ತಿದ್ದರು? ಆದರೆ ಯಂತ್ರ ಮಾವನವರಿಂದಲೇ ಉಳಿದದ್ದು ಎಂಬುದು ಅವರಿಗೆ ಗೊತ್ತಾಗಬೇಕು ಎನಿಸಿತು. ಅಂಚು ಅಳೆಯದೆ ಗಾಡಿ ಬಿಟ್ಟದ್ದು ನನ್ನ ತಪ್ಪು, ಸಮಯಕ್ಕೆ ಒದರಿ ಉಳಿಸಿದ್ದು ಇವರು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಮಾಲಕರ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, ಗೋದಾಮಿನ ಹಮಾಲರೆಲ್ಲ ಕೇಳುವ ಹಾಗೆ ಕಿರುಚಿದರು: "ಗಾಢವಾ! ಡೋಳೇ ಕುಠೇ ಹೋತೇ ತುಝೇ?" ಕತ್ತೆ, ನಿನ್ನ ಕಣ್ಣು ಎಲ್ಲಿ ಹೋಗಿದ್ದವು ಎಂದು.

ತಪ್ಪು ನನ್ನದೇ, ತಲೆ ತಗ್ಗಿಸಿದೆ. ಆಗ ನನ್ನ ಹಿಂದಿನಿಂದ ಮಾವನವರು ಮುಂದೆ ಬಂದರು. ಟವೆಲ್ ಹೆಗಲ ಮೇಲೇ ಇತ್ತು.

"ಮಾಲಕ, ತ್ಯಾಂನಾ ಗಾಢವ ಮ್ಹಣೂ ನಕಾ" ಎಂದು, ಅವರಿಗೆ ಕತ್ತೆ ಅನ್ನಬೇಡಿ ಎಂದು ಮರಾಠಿಯಲ್ಲಿ ಶುರುಮಾಡಿದವರು, ಸಿಟ್ಟಿಗೆ ಆ ಭಾಷೆ ಸಾಲದೆ ಕನ್ನಡಕ್ಕೆ ಹೊರಳಿದರು. ಅದೂ ಕಾಗಲದ ಗುಡ್ಡಕ್ಕೆ ಮುಟ್ಟಿದ ದನಿಯಲ್ಲಿ. "ನನ್ನ ಇಳಸ್ತೀರಿ? ಇಳಸ್ರಿ, ಈಗ ಹೋಗ್ತೇನಿ. ಆದ್ರ ನಮ್ಮ ಹುಡುಗಗ ಬೈಯೋದಿದ್ರ ನಾ ಬೈತೇನಿ. ಬ್ಯಾರೆಯವರು ಯಾರೂ ಬೈಯಾಂಗಿಲ್ಲ."

ಹಮಾಲರು ಹೊತ್ತ ಚೀಲ ಹೊತ್ತ ಹಾಗೆಯೇ ನಿಂತರು. ಮಾಲಕರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಕೊಲ್ಹಾಪುರದಲ್ಲಿ ವ್ಯಾಪಾರ ಮಾಡುವವರಿಗೆ ಆಗದೆ ಇರುತ್ತದೆಯೇ? ಅವರು ಮಾವನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡುತ್ತ ನೋಡುತ್ತ ಅವರ ಮೀಸೆ ನಗುವಿಗೆ ಅಲುಗಿತು. ಸೋಮವಾರ ಮತ್ತೆ ಮುಂಬಯಿಗೆ ಹೋಗುವುದಿದೆ, ಇನ್ನೊಂದು ಯಂತ್ರ ಬಂದಿದೆ, ಅದು ಶಿರೋಳಕ್ಕೆ, ಇಬ್ಬರೂ ಬನ್ನಿ ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದರು.

ಹಮಾಲರೆಲ್ಲ ನಗುತ್ತ ಮಾವನವರ ಸುತ್ತ ಸೇರಿದರು. ನಾನೊಬ್ಬನೇ ಅಲ್ಲಿ ನಿಲ್ಲಲಾರದೆ ಲಾರಿಯ ಆ ಮಗ್ಗುಲಿಗೆ ಹೋಗಿ, ಟೈರಿನ ಗಾಳಿ ನೋಡುವವನ ಹಾಗೆ ಬಗ್ಗಿ ಕೂತೆ. ಗಾಳಿ ಸರಿಯಾಗಿಯೇ ಇತ್ತು. ಕಣ್ಣು ಒಣಗುವ ತನಕ ಏಳಲಿಲ್ಲ.